ಟೆಕ್ಸ್-ಮೆಕ್ಸ್ ನಕಲಿ ಊಟ ಅಲ್ಲ

ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಮೆಕ್ಸಿಕನ್ ಊಟದ ಬಗ್ಗೆ ಬಂದ ಲೇಖನ ಓದಿದೆ. ಬರಹ ಚೆನ್ನಾಗಿತ್ತು, ಆದರೆ ಎರಡು ಮಾತು ತಪ್ಪು. ಟೆಕ್ಸಾಸಿನ ಮೆಕ್ಸಿಕನ್ ಶೈಲಿಯ ಅಡುಗೆ, ಅಂದರೆ ಟೆಕ್ಸ್-ಮೆಕ್ಸ್, ಅಮೆರಿಕದವರು ಕೆಡಿಸಿಟ್ಟ ನಕಲಿ ಮೆಕ್ಸಿಕನ್ ಊಟ ಅನ್ನುವುದು ಒಂದು. ಅಸಲಿ ಮೆಕ್ಸಿಕನ್ ಹೋಟೆಲಿಗೆ ಹೋದರೆ ಸಸ್ಯಾಹಾರಿಗಳು ಅನ್ನ, ಬೀನ್ಸ್ ಕಾಳು ತಿಂದು ನಿಶ್ಚಿಂತೆಯಿಂದ ಇರಬಹುದು ಅನ್ನುವುದು ಇನ್ನೊಂದು. ನಾನು ಟೆಕ್ಸಾಸಿನ ಸ್ಯಾನ್ ಆಂಟೋನಿಯೊದಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ, ವಾರಕ್ಕೊಮ್ಮೆಯಾದರೂ ಇಲ್ಲಿನ ಸಾದಾ ಹೋಟೆಲುಗಳಲ್ಲಿ ತಿನ್ನುತ್ತೇನೆ, ಹಾಗಾಗಿ ಸುಮ್ನೆ ಇರಲಿಕ್ಕೆ ಆಗಲಿಲ್ಲ.

1836ರವರೆಗೆ ಟೆಕ್ಸಾಸ್ ಮೆಕ್ಸಿಕೋದ ಭಾಗವೇ ಆಗಿತ್ತು. ಆಮೇಲೆ ಗಡಿ ದಕ್ಷಿಣಕ್ಕೆ ಜರುಗಿತು. ಜನ ಅಲ್ಲೇ ಉಳಿದರು, ಅವರ ಅಡುಗೆಯೂ ಉಳಿಯಿತು. ದನ ಸಾಕುವ ಸೀಮೆ, ಅದಕ್ಕೇ ದನದ ಮಾಂಸ ಜಾಸ್ತಿ. ಗೋಧಿ ಹಿಟ್ಟು ಸಿಗುತ್ತಿತ್ತು, ಅದರಲ್ಲೇ ಟೋರ್ಟಿಯಾ ಅನ್ನುವ ತೆಳು ರೊಟ್ಟಿ ಮಾಡಿದರು. ಜೀರಿಗೆಯನ್ನಂತೂ ಧಾರಾಳವಾಗಿ ಹಾಕಿದರು. ಇದರಲ್ಲಿ ಯಾರು ಏನನ್ನು ಕೆಡಿಸಿದರು?

ನಮ್ಮ ಊರಿನ ಮಿಲಿಟರಿ ಪ್ಲಾಜಾ ಅನ್ನುವ ಚೌಕದ ಕಥೆ ಕೇಳಿ. 1880ರ ಹೊತ್ತಿಗೆ ಸಂಜೆಯಾದರೆ ಅಲ್ಲಿ ಮೆಕ್ಸಿಕನ್ ಮೂಲದ ಹೆಂಗಸರು ಮೇಜು ಹಾಕಿ, ಲಾಂದ್ರ ಹಚ್ಚಿ, ಚಿಲಿ ಕಾನ್ ಕಾರ್ನೆ ಅನ್ನುವ ಖಾರದ ಮಾಂಸದ ಸಾರು ಮಾರುತ್ತಿದ್ದರು. ಚಿಲಿ ಕ್ವೀನ್ಸ್ ಅಂತಲೇ ಅವರಿಗೆ ಹೆಸರು. ಆ ಜಾಗದಲ್ಲಿ ನಗರಸಭೆಯ ಕಟ್ಟಡ ಬಂತು, ಅವರು ಬೇರೆ ಚೌಕಗಳಿಗೆ ಹೋದರು, 1930ರ ದಶಕದಲ್ಲಿ ಆರೋಗ್ಯ ಇಲಾಖೆಯ ನಿಯಮಗಳ ಹೆಸರಿನಲ್ಲಿ ಅಲ್ಲಿಂದಲೂ ಎಬ್ಬಿಸಿದರು. 1977ರಲ್ಲಿ ಅದೇ ಚಿಲಿಗೆ ಟೆಕ್ಸಾಸಿನ ರಾಜ್ಯ ಖಾದ್ಯ ಅನ್ನುವ ಪಟ್ಟ ಸಿಕ್ಕಿತು. ಆ ಹೆಂಗಸರ ಹೊಟ್ಟೆಪಾಡು ಹೋಗಿ ಆಗಲೇ ನಲವತ್ತು ವರ್ಷ ಆಗಿತ್ತು. ಇದನ್ನು ಓದಿದ ಮೇಲೆ ನಕಲಿ ಅನ್ನುವ ಮಾತು ನನಗೆ ಬೈಗುಳದ ಹಾಗೆ ಕೇಳುತ್ತದೆ.

ಫಹೀಟಾದ ಕಥೆಯೂ ಇಂಥದ್ದೇ. ಸ್ಪ್ಯಾನಿಷ್‌ನಲ್ಲಿ ಫಹಾ ಅಂದರೆ ಸೊಂಟಪಟ್ಟಿ. ದನದ ಹೊಟ್ಟೆಯ ಬಳಿ ಪಟ್ಟಿಯ ಹಾಗೆ ಇರುವ ಗಟ್ಟಿ ಮಾಂಸಕ್ಕೆ ಆ ಹೆಸರು. ದಕ್ಷಿಣ ಟೆಕ್ಸಾಸಿನ ದನ ಸಾಕುವ ರ‍್ಯಾಂಚುಗಳಲ್ಲಿ ಮಾಲೀಕರಿಗೆ ಬೇಡವಾದ ತಲೆ, ಕರುಳು, ಈ ಪಟ್ಟಿ, ಇವೆಲ್ಲ ಕೂಲಿಯ ಭಾಗವಾಗಿ ಆಳುಗಳಿಗೆ ಹೋಗುತ್ತಿತ್ತು. ಈಗ ಅದೇ ಮಾಂಸ ಕಾದ ಕಬ್ಬಿಣದ ತಟ್ಟೆಯಲ್ಲಿ ಚುಂಯ್ ಅನ್ನುತ್ತಾ, ಅಕ್ಕಪಕ್ಕದ ಮೇಜಿನವರೆಲ್ಲ ತಿರುಗಿ ನೋಡುವ ಹಾಗೆ ಬರುತ್ತದೆ. (ಚಿಕನ್ ಫಹೀಟಾ ಅಂತಲೂ ಕೊಡುತ್ತಾರೆ. ಕೋಳಿಗೆ ಎಲ್ಲಿಯ ಸೊಂಟಪಟ್ಟಿ ಅಂತ ಯಾರೂ ಕೇಳುವುದಿಲ್ಲ.)

ಇನ್ನು ನಾಚೋಸ್. ಅದು ಹುಟ್ಟಿದ್ದು ಗಡಿಯಾಚೆಯ ಪಿಯೆದ್ರಾಸ್ ನೆಗ್ರಾಸ್ ಅನ್ನುವ ಮೆಕ್ಸಿಕೋದ ಊರಿನಲ್ಲೇ. 1940ರ ದಶಕದಲ್ಲಿ ಅಮೆರಿಕದಿಂದ ಬಂದ ಕೆಲವು ಹೆಂಗಸರಿಗೆ ಇಗ್ನಾಸಿಯೊ ಅನಾಯಾ ಅನ್ನುವವರು ಕರಿದ ಟೋರ್ಟಿಯಾ ತುಂಡುಗಳ ಮೇಲೆ ಚೀಸ್, ಹಲಪೇನ್ಯೊ ಮೆಣಸಿನಕಾಯಿ ಹಾಕಿ ಕೊಟ್ಟರು. ಇಗ್ನಾಸಿಯೊಗೆ ಮುದ್ದಿನ ಹೆಸರು ನಾಚೋ. ಲೇಖಕರ ಲೆಕ್ಕದಲ್ಲಿ ಇದು ಅಸಲಿಯೋ ನಕಲಿಯೋ?

ಟೆಕ್ಸ್-ಮೆಕ್ಸ್, ಮೆಕ್ಸಿಕನ್ ಎರಡೂ ಒಂದೇ ಅಂತ ನಾನು ಹೇಳುತ್ತಿಲ್ಲ. ಕರಗಿದ ಹಳದಿ ಚೀಸ್, ಜೀರಿಗೆ ಘಮದ ಚಿಲಿ ಗ್ರೇವಿ, ಗರಿಗರಿ ಟೋರ್ಟಿಯಾ ಚಿಪ್ಪಿನ ಒಳಗೆ ಕೈಮಾ, ಇಷ್ಟು ಕಂಡರೆ ಅದು ಟೆಕ್ಸ್-ಮೆಕ್ಸ್. ಸುಣ್ಣದ ನೀರಿನಲ್ಲಿ ಬೇಯಿಸಿದ ಮೆಕ್ಕೆಜೋಳವನ್ನು ರುಬ್ಬಿ ಮಾಡಿದ ಮೆತ್ತನೆಯ ಟೋರ್ಟಿಯಾ, ಮೇಲೆ ಬರೀ ಈರುಳ್ಳಿ, ಕೊತ್ತಂಬರಿ, ನಿಂಬೆಹುಳಿ ಇದ್ದರೆ ಗಡಿಯ ದಕ್ಷಿಣಕ್ಕಿರುವ ಮೆಕ್ಸಿಕೋ ಕಡೆಯದು. ಗೋಧಿ ಟೋರ್ಟಿಯಾ ನೋಡಿ ಮಾತ್ರ ತೀರ್ಪು ಕೊಡಬೇಡಿ, ಉತ್ತರ ಮೆಕ್ಸಿಕೋದ ಸೊನೋರಾದಲ್ಲಿ ಅದೇ ದಿನನಿತ್ಯದ್ದು.

ನನ್ನ ತಕರಾರು ಇರುವುದು ಹೋಟೆಲಿನ ಮೆನು ಮೇಲೆ. ಎರಡನ್ನೂ ಒಂದೇ ಪಟ್ಟಿಯಲ್ಲಿ ಒಂದೂ ವಿವರಣೆ ಇಲ್ಲದೆ ತುರುಕುತ್ತಾರೆ. ಮೊನ್ನೆ ಪಕ್ಕದ ಮೇಜಿನವರು ಎಂಚಿಲಾಡಾ (ಒಳಗೆ ಹೂರಣ ಸುತ್ತಿ ಮೇಲೆ ಗೊಜ್ಜು ಸುರಿದ ಟೋರ್ಟಿಯಾ) ಹೇಳಿದರು. ಬಂದದ್ದು ಮೆಕ್ಸಿಕೋದ ಪುಯೆಬ್ಲಾ ಕಡೆಯ ಮೋಲೆ ಅನ್ನುವ ಗೊಜ್ಜು ಹಾಕಿದ್ದು. ಒಣಮೆಣಸಿನಕಾಯಿ, ಎಳ್ಳು, ಬಾದಾಮಿ, ಒಂದು ಚೂರು ಚಾಕೊಲೇಟ್, ಕೆಲವರ ಮನೆಯಲ್ಲಿ ಇಪ್ಪತ್ತು ಸಾಮಾನು ದಾಟುತ್ತದೆ, ಅಷ್ಟನ್ನೂ ಹುರಿದು ರುಬ್ಬಿ ಗಂಟೆಗಟ್ಟಲೆ ಕುದಿಸಬೇಕು. ಅವರು ಒಂದು ತುತ್ತು ತಿಂದು, ಇದೇನು ಕಪ್ಪಗಿದೆ, ಚೀಸೇ ಇಲ್ಲ ಅಂತ ವಾಪಸ್ ಕಳಿಸಿದರು. ಬಡಿಸುವ ಹುಡುಗಿ ಏನೂ ಹೇಳದೆ ತಟ್ಟೆ ಎತ್ತಿಕೊಂಡು ಹೋದಳು. ಮೆನುವಿನಲ್ಲಿ ಒಂದು ಸಾಲು ಬರೆದಿದ್ದರೆ ಸಾಕಿತ್ತು ಅಲ್ವಾ?

ಈಗ ಎರಡನೆಯ ತಪ್ಪು. ಇದು ಹೆಚ್ಚು ಮುಖ್ಯ, ಯಾಕೆಂದರೆ ನಿಮ್ಮ ಪತ್ರಿಕೆ ಓದಿಕೊಂಡೇ ಯಾರೋ ಇಲ್ಲಿಗೆ ವಿಮಾನ ಹತ್ತುತ್ತಾರೆ. ಬೇಯಿಸಿ ಅರೆದ ರೀಫ್ರೈಡ್ ಬೀನ್ಸನ್ನು ಸಾಂಪ್ರದಾಯಿಕವಾಗಿ ಹುರಿಯುವುದು ಹಂದಿಯ ಕೊಬ್ಬಿನಲ್ಲಿ. ಅದಕ್ಕೆ ಮಾಂಟೆಕಾ ಅನ್ನುತ್ತಾರೆ. ಕೆಂಪಗಿನ ಅನ್ನವನ್ನು ಎಷ್ಟೋ ಕಡೆ ಕೋಳಿ ಸಾರಿನಲ್ಲೇ ಬೇಯಿಸುತ್ತಾರೆ. ತಮಾಲೆ ಅನ್ನುವ ಕಡುಬಿನ ಹಿಟ್ಟಿಗೂ ಗೋಧಿ ಟೋರ್ಟಿಯಾಗೂ ಅದೇ ಕೊಬ್ಬು ಬೀಳುವುದುಂಟು. ಚಾರ್ರೋ ಬೀನ್ಸ್ ಅಂತ ಬಟ್ಟಲಲ್ಲಿ ಬರುವುದರಲ್ಲಿ ಬೇಕನ್ ಅನ್ನುವ ಹಂದಿಮಾಂಸದ ತುಂಡುಗಳು ಕಣ್ಣಿಗೇ ಕಾಣುತ್ತವೆ, ಅದೊಂದು ಪುಣ್ಯ. ನನ್ನ ಸ್ನೇಹಿತೆಯೊಬ್ಬಳು, ಮೊಟ್ಟೆಯನ್ನೂ ಮುಟ್ಟದವಳು, ಒಂದೇ ಹೋಟೆಲಿನಲ್ಲಿ ಎರಡು ವರ್ಷ ಬೀನ್ಸ್ ತಿಂದಳು. ಒಂದು ದಿನ ಸುಮ್ಮನೆ ಕೇಳಿದಾಗ ಅಡುಗೆಯವರು ನಗುತ್ತಾ, ಮಾಂಟೆಕಾ ಇಲ್ಲದೆ ರುಚಿ ಎಲ್ಲಿಂದ ಬರಬೇಕು ಅಂದರಂತೆ. ಅವರ ತಪ್ಪೂ ಅಲ್ಲ, ಇವಳು ಕೇಳಿರಲಿಲ್ಲ. ತಮಾಷೆ ಏನೆಂದರೆ, ಆಮೇಲೆ ಅವಳಿಗೆ ಅಡುಗೆ ಎಣ್ಣೆಯಲ್ಲಿ ಮಾಡಿದ ಬೀನ್ಸ್ ಸಿಕ್ಕಿದ್ದು ನಿಮ್ಮ ಲೇಖಕರು ನಕಲಿ ಅಂದ ಟೆಕ್ಸ್-ಮೆಕ್ಸ್ ಹೋಟೆಲಿನಲ್ಲೇ.

ಹೊಗಳಿಕೆ, ತೆಗಳಿಕೆ ಹೇಗಾದರೂ ಇರಲಿ. ಬೀನ್ಸ್ ಹೇಳುವ ಮೊದಲು ಮಾಂಟೆಕಾ ಇದೆಯಾ, ಅನ್ನಕ್ಕೆ ಕೋಳಿ ಸಾರು ಹಾಕಿದ್ದೀರಾ ಅಂತ ಕೇಳಿ, ಅನ್ನುವ ತಿದ್ದುಪಡಿಯನ್ನಾದರೂ ಮುಂದಿನ ಭಾನುವಾರ ಹಾಕಿ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು,
ಸ್ಯಾನ್ ಆಂಟೋನಿಯೊ, ಟೆಕ್ಸಾಸ್