ನೀರು ಕುಡಿಯಲೇ ಎಂದು ಕೇಳಿದ ಮಗಳಿಗೆ

ಪ್ರೀತಿಯ ಪುಟ್ಟಿ,

ನೀನು ಫೋನ್ ಇಟ್ಟು ಒಂಬತ್ತು ದಿನಗಳಾದವು. ನಾಲ್ಕು ಬಾರಿ ಮೊಬೈಲ್ ಕೈಗೆತ್ತಿಕೊಂಡು, ನಿನ್ನ ಹೆಸರಿನವರೆಗೆ ಹೋಗಿ, ಮತ್ತೆ ಕೆಳಗಿಟ್ಟೆ. ನಿನ್ನ ದನಿ ಕಿವಿಗೆ ಬಿದ್ದರೆ ನಾನು ಪುನಃ ವಾದಕ್ಕೇ ಇಳಿಯುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಅಂದು ಆಡಿದ ಮಾತನ್ನು ಇಲ್ಲಿ ಮತ್ತೊಮ್ಮೆ ಬರೆಯಲೇಬೇಕು. ಯಾವುದಕ್ಕೆಂದು ಹೇಳದೆ ಕ್ಷಮೆ ಕೇಳುವುದು ನನಗೆ ಸರಿಕಾಣುವುದಿಲ್ಲ. ಆರು ವರ್ಷದ ಹೆಣ್ಣುಮಗುವೊಂದನ್ನು ದತ್ತು ತೆಗೆದುಕೊಳ್ಳುತ್ತೇನೆ ಎಂದು ನೀನು ಹೇಳಿದಾಗ ನಾನು, ‘ಯಾರ ಮಗುವೋ ಏನೋ. ಆರು ವರ್ಷ ಎಲ್ಲೆಲ್ಲೋ ಬೆಳೆದದ್ದು. ಅದರ ರಕ್ತ ಯಾವುದು, ಗುಣ ಯಾವುದು, ನಿನಗೇನು ಗೊತ್ತು?’ ಎಂದೆ. ನೀನು ಕೂಗಾಡಲಿಲ್ಲ. ‘ಅಪ್ಪ, ನಾನೂ ಹನ್ನೊಂದು ತಿಂಗಳು ಯಾರ ಮಗುವೋ ಆಗಿದ್ದೆ’ ಎಂದು ಹೇಳಿ ಕರೆ ನಿಲ್ಲಿಸಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಿನಗೆ ಚಿಕ್ಕಂದಿನಲ್ಲಿ ಹೇಳಿಕೊಟ್ಟವನು ನಾನೇ.

ಆ ರಾತ್ರಿ ನಿದ್ದೆ ಬರಲಿಲ್ಲ. ನಿನ್ನ ಕೋಣೆಯ ಕಪಾಟಿನಲ್ಲಿ ನೀನು ಬಿಟ್ಟುಹೋದ ಪುಸ್ತಕಗಳ ನಡುವೆ ‘ಜೇನ್ ಐರ್’ ಎಂಬ ಇಂಗ್ಲಿಷ್ ಕಾದಂಬರಿ ಇತ್ತು. ಬೆನ್ನಿನ ಅಂಟು ಬಿಟ್ಟು ಕೆಲವು ಹಾಳೆಗಳು ಹೊರಗೆ ಇಣುಕುತ್ತಿವೆ. ಕಾಲೇಜಿನ ದಿನಗಳಲ್ಲಿ ನೀನು ಅದನ್ನು ಎಷ್ಟು ಸಲ ಓದಿದೆಯೋ ಲೆಕ್ಕವಿಲ್ಲ. ಪ್ರೇಮಕಥೆ, ವಯಸ್ಸಿಗೆ ತಕ್ಕದ್ದು ಎಂದುಕೊಂಡು ನಾನು ಒಮ್ಮೆಯೂ ತೆರೆದು ನೋಡಿರಲಿಲ್ಲ. ಈ ಒಂಬತ್ತು ದಿನಗಳಲ್ಲಿ ಪೂರ್ತಿ ಓದಿದೆ. ಮೊದಲ ನಾಲ್ಕು ಅಧ್ಯಾಯಗಳನ್ನು ಮೂರು ಸಲ ಓದಿದೆ. ನಿನ್ನ ಪೆನ್ಸಿಲ್ ಗೆರೆಗಳು ಬಂದಲ್ಲೆಲ್ಲ ನಿಂತು ನಿಂತು ಓದಿದೆ.

ಜೇನ್ ಎಂಬ ಹತ್ತು ವರ್ಷದ ಅನಾಥ ಹುಡುಗಿ, ಸತ್ತುಹೋದ ಸೋದರಮಾವನ ಮನೆ. ಈ ಮಗುವನ್ನು ನಿನ್ನ ಮಕ್ಕಳಂತೆಯೇ ಸಾಕಬೇಕು ಎಂದು ಸಾಯುವ ಮುನ್ನ ಆತ ಹೆಂಡತಿಯಿಂದ ಮಾತು ತೆಗೆದುಕೊಂಡಿದ್ದಾನೆ. ಆ ಅತ್ತೆ ಊಟ ಹಾಕುತ್ತಾಳೆ, ಬಟ್ಟೆ ಕೊಡುತ್ತಾಳೆ, ಮಾತು ಉಳಿಸಿಕೊಂಡೆ ಎಂದು ನಂಬಿಯೂ ಇರುತ್ತಾಳೆ. ಜೇನ್ ಕಿಟಕಿಯ ಬಳಿ ಕೆಂಪು ಪರದೆಯ ಮರೆಯಲ್ಲಿ ಕುಳಿತು ಹಕ್ಕಿಗಳ ಪುಸ್ತಕ ನೋಡುತ್ತಿರುವಾಗ ಅತ್ತೆಯ ಹದಿನಾಲ್ಕು ವರ್ಷದ ಮಗ ಬರುತ್ತಾನೆ. ಪುಸ್ತಕಗಳು ನಮ್ಮವು, ನೀನು ನಮ್ಮ ಹಂಗಿನಲ್ಲಿರುವವಳು ಎಂದು ಅದನ್ನೇ ಎತ್ತಿ ಎಸೆಯುತ್ತಾನೆ. ಜೇನ್‌ಳ ತಲೆ ಹೋಗಿ ಬಾಗಿಲಿಗೆ ಬಡಿದು ರಕ್ತ ಬರುತ್ತದೆ. ತಿರುಗಿಬಿದ್ದಳೆಂದು ಶಿಕ್ಷೆ ಮಾತ್ರ ಜೇನ್‌ಗೆ. ಮಾವ ಸತ್ತ ಕೋಣೆಯಲ್ಲಿ ಅವಳನ್ನು ಕೂಡಿಹಾಕುತ್ತಾರೆ. ಆ ಹುಡುಗ ಆಡುವ ಪದವನ್ನು ಅವಲಂಬಿತಳು ಎಂದೂ ಅನುವಾದಿಸಬಹುದು. ನನ್ನ ಕಿವಿಗೆ ಕೇಳಿಸಿದ್ದು ಹಂಗು ಎಂಬ ನಮ್ಮ ಮಾತೇ.

ಕೋಣೆಯಿಂದ ಹೊರಗೆ ಬಂದ ಮೇಲೆ ಕೆಲಸದ ಬೆಸ್ಸಿ ಅವಳಿಗೆ ಬಣ್ಣದ ಹಕ್ಕಿಯ ಚಿತ್ರವಿರುವ ಪಿಂಗಾಣಿ ತಟ್ಟೆಯಲ್ಲಿ ತಿಂಡಿ ತಂದುಕೊಡುತ್ತಾಳೆ. ಆ ತಟ್ಟೆಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡುತ್ತೇನೆಂದು ಜೇನ್ ಎಷ್ಟೋ ಸಲ ಬೇಡಿದ್ದಳು, ಯಾರೂ ಕೊಟ್ಟಿರಲಿಲ್ಲ. ಈಗ ಮಡಿಲಲ್ಲೇ ಇದೆ, ಆದರೆ ಅವಳಿಗೆ ತಿನ್ನಲೂ ಆಗುವುದಿಲ್ಲ, ಹಕ್ಕಿಯ ಬಣ್ಣವೂ ಮಾಸಿದಂತೆ ಕಾಣುತ್ತದೆ. ಆ ಸಾಲುಗಳ ಪಕ್ಕದಲ್ಲಿ ನೀನು ಒಂದರ ಮೇಲೊಂದು ಎರಡು ಗೆರೆ ಎಳೆದಿದ್ದೀಯೆ. ಹಾಳೆ ಹರಿಯುವಷ್ಟು ಒತ್ತಿ ಎಳೆದಿದ್ದೀಯೆ.

ನಿನ್ನ ಅಮ್ಮನ ಆಸ್ಪತ್ರೆಯ ದಿನಗಳ ಬಗ್ಗೆ ಬರೆಯುವುದಿಲ್ಲ. ನಿನಗೂ ಗೊತ್ತು, ನನಗೂ ಗೊತ್ತು. ನಾನು ಬರೆಯಬೇಕಿರುವುದು ಅದೆಲ್ಲ ಮುಗಿದು, ಹನ್ನೊಂದು ತಿಂಗಳು ಬಿಟ್ಟಿದ್ದ ದೊಡ್ಡಪ್ಪನ ಮನೆಯಿಂದ ನಿನ್ನನ್ನು ಕರೆತಂದ ಸಂಜೆಯ ಬಗ್ಗೆ. ನಿನಗೆ ಆಗ ಏಳು ವರ್ಷ. ನಾನು ಬೀಗ ತೆಗೆದೆ, ಪೆಟ್ಟಿಗೆ ಒಳಗಿಟ್ಟೆ. ನೀನು ಬಾಗಿಲಲ್ಲೇ ನಿಂತಿದ್ದೆ. ಬಾ ಎಂದ ಮೇಲೆ ಬಂದೆ. ಕುಳಿತುಕೋ ಎಂದ ಮೇಲೆ ಕುರ್ಚಿಯ ತುದಿಯಲ್ಲಿ ಕುಳಿತೆ. ಸ್ವಲ್ಪ ಹೊತ್ತಿನ ನಂತರ ಕೇಳಿದೆ: ‘ಅಪ್ಪ, ನೀರು ಕುಡಿಯಲೇ?’

ನಾನು ನೀರು ಕೊಟ್ಟೆ. ನೀನು ಕುಡಿದು, ಲೋಟ ತೊಳೆದು, ಒರೆಸಿ, ಇದನ್ನು ಎಲ್ಲಿಡಲಿ ಎಂದು ಕೇಳಿದೆ. ಹುಟ್ಟಿದಾಗಿನಿಂದ ಓಡಾಡಿದ ಮನೆ ಅದು, ಲೋಟಗಳು ಇರುತ್ತಿದ್ದ ಜಾಗ ಬದಲಾಗಿರಲಿಲ್ಲ. ನಾನು ಮಾಡಿದ್ದೇನು ಗೊತ್ತೇ? ಸಂತೋಷಪಟ್ಟೆ. ‘ಎಷ್ಟು ಶಿಸ್ತು ಕಲಿತು ಬಂದಿದ್ದಾಳೆ’ ಎಂದು ನೆಂಟರಿಗೆಲ್ಲ ಹೇಳಿದೆ. ‘ನನ್ನ ಮಗಳು ಗಟ್ಟಿ, ಅಳುವುದೇ ಇಲ್ಲ’ ಎಂದೆ. ವರ್ಷಗಟ್ಟಲೆ ಹಾಗೆಯೇ ಹೇಳುತ್ತಾ ಬಂದೆ. ಆ ಪ್ರಶ್ನೆ ಅಂದಿಗೇ ನಿಲ್ಲಲಿಲ್ಲ. ದೀಪ ಹಾಕಲೇ, ಕಿಟಕಿ ತೆರೆಯಲೇ, ಇಲ್ಲಿ ಕೂತು ಓದಲೇ. ಎಂದು ನಿಂತಿತು? ಒಂಬತ್ತನೆಯ ವಯಸ್ಸಿಗೋ, ಹತ್ತಕ್ಕೋ? ನೆನಪಿಗೆ ತಂದುಕೊಳ್ಳಲು ದಿನವೂ ಪ್ರಯತ್ನಿಸುತ್ತಿದ್ದೇನೆ. ಆಗುತ್ತಿಲ್ಲ. ಗಮನಿಸಿರಲೇ ಇಲ್ಲ ಎಂದು ಕಾಣುತ್ತದೆ.

ಆಮೇಲೆ ಯಾವಾಗಲೋ ಅದರ ಅರ್ಥ ಹೊಳೆಯಿತು. ಹೊಳೆದಾಗ ನಾನು ತಪ್ಪನ್ನೆಲ್ಲ ನಿನ್ನ ದೊಡ್ಡಮ್ಮನ ಮೇಲೆ ಹಾಕಿದೆ. ಮಗುವನ್ನು ಹೇಗೆ ನಡೆಸಿಕೊಂಡಿರಬೇಕು ಎಂದು ಮನಸ್ಸಿನಲ್ಲೇ ಕುದಿದೆ. ಆ ಮನೆಗೆ ಹೋಗುವುದನ್ನೂ ಕಡಿಮೆ ಮಾಡಿದೆ. ಈ ವಾರ, ಜೇನ್‌ಳ ಅತ್ತೆಯ ಮೇಲೆ ಹಲ್ಲು ಕಡಿಯುತ್ತಾ ಓದುತ್ತಿದ್ದಾಗ, ನಿನ್ನನ್ನು ಅಲ್ಲಿ ಬಿಟ್ಟುಬಂದ ಬೆಳಿಗ್ಗೆ ನೆನಪಾಯಿತು. ಗೇಟಿನ ಹತ್ತಿರ ನಾನು ಬಗ್ಗಿ ನಿನ್ನ ಎರಡೂ ಭುಜ ಹಿಡಿದುಕೊಂಡಿದ್ದೆ. ‘ಇಲ್ಲಿ ಏನನ್ನೂ ಕೇಳಬೇಡ. ಕೊಟ್ಟದ್ದನ್ನು ತಿನ್ನು. ಹೇಳದೆ ಏನನ್ನೂ ಮುಟ್ಟಬೇಡ. ಅವರಿಗೆ ತೊಂದರೆಯಾದರೆ ಅಪ್ಪನ ಮರ್ಯಾದೆ ಹೋಗುತ್ತದೆ’ ಎಂದಿದ್ದೆ. ನೀನು ತಲೆಯಾಡಿಸಿದೆ. ಆ ಮನೆಯಲ್ಲಿ ನಿನಗೆ ಯಾರೂ ನೀರು ನಿರಾಕರಿಸಿರಲಿಕ್ಕಿಲ್ಲ. ನೀನು ನನ್ನ ಮಾತನ್ನು ಪಾಲಿಸಿದೆ, ಅಷ್ಟೇ. ಮನೆಗೆ ಮರಳಿದ ಮೇಲೂ ಪಾಲಿಸಿದೆ, ಏಕೆಂದರೆ ಇನ್ನು ಬೇಕಾಗಿಲ್ಲ ಎಂದು ನಾನು ಹೇಳಿರಲಿಲ್ಲ. ಏಳು ವರ್ಷದ ಕೂಸಿನ ತಲೆಯ ಮೇಲೆ ನನ್ನ ಮರ್ಯಾದೆಯನ್ನು ಹೊರಿಸಿ ಬಂದಿದ್ದೆ. ಹನ್ನೊಂದು ತಿಂಗಳಲ್ಲಿ ನಿನ್ನನ್ನು ನೋಡಲು ಬಂದದ್ದು ಮೂರೇ ಸಲ.

ಇದನ್ನು ಬರೆಯಲು ಎರಡು ದಿನ ಹಿಡಿಯಿತು.

ಪುಸ್ತಕ ಬರೆದ ಷಾರ್ಲೆಟ್ ಬ್ರಾಂಟೆಯ ಬದುಕಿನ ಬಗ್ಗೆಯೂ ಓದಿದೆ. ನನಗೆ ಅವಳಿಗಿಂತ ಅವಳ ತಂದೆಯೇ ಕಣ್ಣಮುಂದೆ ನಿಂತಿದ್ದಾನೆ. ಪ್ಯಾಟ್ರಿಕ್ ಬ್ರಾಂಟೆ, ಪಾದ್ರಿ. 1821ರಲ್ಲಿ ಹೆಂಡತಿ ತೀರಿಕೊಂಡಾಗ ಮನೆಯಲ್ಲಿ ಆರು ಮಕ್ಕಳು, ಷಾರ್ಲೆಟ್‌ಗೆ ಐದು ವರ್ಷ. 1824ರಲ್ಲಿ ನಾಲ್ವರು ಹೆಣ್ಣುಮಕ್ಕಳನ್ನು ಪಾದ್ರಿಗಳ ಮಕ್ಕಳಿಗೆಂದೇ ಇದ್ದ ವಸತಿಶಾಲೆಗೆ ಕಳುಹಿಸಿದ. ಓದಲಿ, ಮುಂದೆ ತಮ್ಮ ಕಾಲ ಮೇಲೆ ನಿಲ್ಲಲಿ ಎಂದೇ ಕಳುಹಿಸಿರಬೇಕು. ಮರುವರ್ಷ ದೊಡ್ಡವರಿಬ್ಬರೂ, ಹನ್ನೊಂದರ ಮರಿಯಾ ಮತ್ತು ಹತ್ತರ ಎಲಿಜಬೆತ್, ಕ್ಷಯದಿಂದ ತೀರಿಕೊಂಡರು. ಉಳಿದಿಬ್ಬರನ್ನು ಅವನು ಮನೆಗೆ ಕರೆತಂದ. 1847ರಲ್ಲಿ ಷಾರ್ಲೆಟ್ ಗಂಡಸಿನದೆಂದು ತೋರುವ ಒಂದು ಹೆಸರಿನ ಮರೆಯಲ್ಲಿ ಈ ಕಾದಂಬರಿ ಪ್ರಕಟಿಸಿದಳು. ಆ ಶಾಲೆ ಅದರಲ್ಲಿ ಲೋವುಡ್ ಆಗಿದೆ. ಸೀದ ಗಂಜಿ, ಕೊರೆಯುವ ಚಳಿ, ಜೇನ್‌ಳ ಅಪ್ಪುಗೆಯಲ್ಲೇ ರಾತ್ರಿ ಪ್ರಾಣಬಿಡುವ ಗೆಳತಿ ಹೆಲೆನ್. ಅಕ್ಕ ಮರಿಯಾಳನ್ನು ನೆನೆದೇ ಷಾರ್ಲೆಟ್ ಹೆಲೆನ್‌ಳನ್ನು ಚಿತ್ರಿಸಿದ್ದು. ತಂದೆ ಒಬ್ಬನೇ ಕುಳಿತು ಪುಸ್ತಕ ಓದಿ ಮುಗಿಸಿ, ನಿರೀಕ್ಷೆಗಿಂತ ಚೆನ್ನಾಗಿದೆ ಎಂದು ಮಕ್ಕಳಿಗೆ ಹೇಳಿದನಂತೆ.

ಅಷ್ಟೇ ಹೇಳಿದನೇ ಎಂದು ಯೋಚಿಸುತ್ತಿದ್ದೇನೆ, ಪುಟ್ಟಿ. ತಾನೇ ಕಳುಹಿಸಿದ ಶಾಲೆ ಅದು. ತನ್ನ ಮಗಳು ಹಸಿದದ್ದನ್ನು, ನಡುಗಿದ್ದನ್ನು ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ನಂತರ ಅಚ್ಚಿನಲ್ಲಿ ಓದಿದಾಗ ಆ ತಂದೆ ಯಾವ ಪುಟದಲ್ಲಿ ನಿಂತ? ಪುಸ್ತಕ ಕೆಳಗಿಟ್ಟು ಹೊರಗೆ ಹೋದನೇ? ಅವನು ಆರೂ ಮಕ್ಕಳನ್ನು ಕಳೆದುಕೊಂಡು ಎಂಬತ್ತನಾಲ್ಕು ವರ್ಷ ಬದುಕಿದ. ನೀನು ಕಾದಂಬರಿ ಬರೆಯಲಿಲ್ಲ, ಬೇರೊಬ್ಬಳ ಕಾದಂಬರಿಯಲ್ಲಿ ಗೆರೆ ಎಳೆದು ಇಟ್ಟೆ. ನಾನು ಅದನ್ನು ಹದಿನೈದು ವರ್ಷ ತೆರೆಯಲಿಲ್ಲ.

ಇನ್ನು ಆ ಮಗುವಿನ ವಿಷಯ. ನನ್ನ ಮಾತಿಗೆ ಉತ್ತರವೂ ಅದೇ ಪುಸ್ತಕದಲ್ಲಿದೆ, ಅಲ್ಲೂ ನಿನ್ನ ಗೆರೆ ಇದೆ. ಜೇನ್ ದೊಡ್ಡವಳಾಗಿ ಅಡೆಲ್ ಎಂಬ ಹುಡುಗಿಗೆ ಪಾಠ ಹೇಳುವ ಕೆಲಸಕ್ಕೆ ಸೇರುತ್ತಾಳೆ. ಈ ಹುಡುಗಿ ಎಂಥವಳ ಮಗಳು ಗೊತ್ತಾಯಿತಲ್ಲ, ಇನ್ನು ನೀನು ಬೇರೆ ಕೆಲಸ ಹುಡುಕಿಕೊಳ್ಳಬಹುದು ಎಂಬ ಧಾಟಿಯಲ್ಲಿ ಮನೆಯ ಯಜಮಾನ ಮಾತನಾಡುತ್ತಾನೆ. ತಾಯಿ ಬಿಟ್ಟುಹೋಗಿದ್ದಾಳೆ, ನೀವು ನಿಮ್ಮವಳಲ್ಲ ಎನ್ನುತ್ತಿದ್ದೀರಿ, ಹಾಗಾದರೆ ನಾನು ಅವಳನ್ನು ಇನ್ನೂ ಹತ್ತಿರ ಇಟ್ಟುಕೊಳ್ಳುತ್ತೇನೆ ಎನ್ನುತ್ತಾಳೆ ಜೇನ್. ಕೊನೆಯ ಅಧ್ಯಾಯದಲ್ಲಿ ಅಡೆಲ್ ಓದುತ್ತಿರುವ ಶಾಲೆಗೆ ಹೋಗಿ, ಮಗು ಸೊರಗಿರುವುದನ್ನು ಕಂಡು, ಮನೆಗೆ ಕರೆದುಕೊಂಡು ಬರುತ್ತಾಳೆ. ಮತ್ತೆ ಸೇರಿಸುವಾಗ ತಾನು ಆಗಾಗ ಹೋಗಿ ನೋಡಿಬರುವಷ್ಟು ಹತ್ತಿರದ, ಮೃದುವಾದ ಶಾಲೆಗೆ ಸೇರಿಸುತ್ತಾಳೆ. ಹುಡುಕಿಕೊಂಡು ಹೋಗಿ ನೋಡಿದಳಲ್ಲ, ಅದನ್ನು ಓದುವಾಗ ನನಗೆ ಉಸಿರು ಕಟ್ಟಿತು.

ನೀನು ತರಬೇತಿ ಪಡೆದಿದ್ದೀಯೆ, ಅಧಿಕಾರಿಗಳ ಜೊತೆ ಮಾತನಾಡಿದ್ದೀಯೆ, ನನಗಿಂತ ಹೆಚ್ಚು ತಿಳಿದಿದೆ. ಆದರೂ ಹೇಳುತ್ತೇನೆ, ಕೇಳು. ಆ ಮಗು ಬಂದ ಮೊದಲ ದಿನಗಳಲ್ಲಿ ಅಳದಿದ್ದರೆ, ಹಟ ಮಾಡದಿದ್ದರೆ, ಹೊಂದಿಕೊಂಡಿತು ಎಂದು ಯಾರಾದರೂ ಹೊಗಳಿದರೆ ನಂಬಬೇಡ. 1950ರ ಸುಮಾರಿನಲ್ಲಿ ಜೇಮ್ಸ್ ರಾಬರ್ಟ್‌ಸನ್ ಎಂಬವರು ಲಂಡನ್ನಿನ ಆಸ್ಪತ್ರೆಗಳಲ್ಲಿ ತಂದೆತಾಯಿಯರಿಂದ ಬೇರ್ಪಟ್ಟ ಪುಟ್ಟ ಮಕ್ಕಳನ್ನು ನೋಡುತ್ತಾ ಕುಳಿತರು. ಮಕ್ಕಳು ಮೊದಲು ಅತ್ತು ಕರೆಯುತ್ತಿದ್ದವು, ಆಮೇಲೆ ಕುಗ್ಗಿಹೋಗುತ್ತಿದ್ದವು, ಕೊನೆಗೆ ಶಾಂತವಾಗುತ್ತಿದ್ದವು. ಸಿಬ್ಬಂದಿ ಅದನ್ನು ಒಗ್ಗಿಕೊಳ್ಳುವುದು ಎನ್ನುತ್ತಿದ್ದರು. ಅಮ್ಮ ಬಂದಾಗ ಅಂಥ ಮಗು ಗುರುತೇ ಇಲ್ಲದಂತೆ ಮುಖ ತಿರುಗಿಸುತ್ತಿತ್ತು. ಇದನ್ನು ಓದಿದಾಗ ಬಾಗಿಲಲ್ಲಿ ನಿಂತ ನೀನು ಕಂಡೆ.

ತಿಂಡಿಯನ್ನು ದಿಂಬಿನ ಕೆಳಗೆ ಬಚ್ಚಿಟ್ಟರೆ ಗದರಬೇಡ. ಸುಳ್ಳು ಹೇಳಿದರೆ ಒಡನೆಯೇ ಅದರ ಸ್ವಭಾವವೇ ಹೀಗೆ ಎಂದುಕೊಳ್ಳಬೇಡ. ನೀನು ಸಿಟ್ಟಾದರೆ ಮರಳಿ ಕಳುಹಿಸುತ್ತೀಯಾ ಎಂದು ಬೇಕೆಂದೇ ನಿನ್ನನ್ನು ಕೆಣಕಬಹುದು. ಸಾಲದ್ದಕ್ಕೆ ಊರೆಲ್ಲ ನಿನ್ನನ್ನು ಪುಣ್ಯವಂತೆ ಎನ್ನುತ್ತದೆ, ಅವಳ ಎದುರಿಗೇ ಎನ್ನುತ್ತದೆ. ಅದನ್ನು ಮೊದಲು ತಡೆ. ಯಾರ ಕಾಲಿಗೂ ಬೀಳಿಸಿ ಕೃತಜ್ಞತೆ ಹೇಳಿಸಬೇಡ. ಹಂಗು ಎಂಬುದು ಊಟದ ಜೊತೆಯೇ ಹೊಟ್ಟೆಗೆ ಇಳಿಯುತ್ತದೆ, ಪುಟ್ಟಿ.

ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವೆರ್ನರ್ ಮತ್ತು ರೂತ್ ಸ್ಮಿತ್ ಎಂಬ ಸಂಶೋಧಕಿಯರು ಅವರು ನಡುವಯಸ್ಸಿಗೆ ಬರುವವರೆಗೂ ಗಮನಿಸಿದರು. ಬಡತನ, ಕುಡಿತ, ಜಗಳಗಳ ನಡುವೆ ಅಪಾಯದಲ್ಲೇ ಬೆಳೆದವರಲ್ಲಿ ಸುಮಾರು ಮೂರನೇ ಒಂದು ಪಾಲು ಮಕ್ಕಳು ಆತ್ಮವಿಶ್ವಾಸವುಳ್ಳ, ಇನ್ನೊಬ್ಬರನ್ನು ನೋಡಿಕೊಳ್ಳಬಲ್ಲ ವ್ಯಕ್ತಿಗಳಾದರು. ಅಂಥ ಮಕ್ಕಳ ಬದುಕಿನಲ್ಲಿ ಪದೇ ಪದೇ ಕಂಡದ್ದು ಕೈಬಿಡದ ಒಬ್ಬ ಹಿರಿಯ ಜೀವ. ಅದು ಹೆತ್ತವರೇ ಆಗಿರಬೇಕಿರಲಿಲ್ಲ. ಅಜ್ಜಿಯೋ, ಟೀಚರೋ, ಪಕ್ಕದ ಮನೆಯವರೋ. ನಿನಗೆ ಯಾರಿದ್ದರು ಎಂದು ಲೆಕ್ಕ ಹಾಕಿದೆ. ನಿನ್ನ ತಲೆ ಬಾಚಿ ಜಡೆ ಹಾಕುತ್ತಿದ್ದವಳು ದೊಡ್ಡಮ್ಮನೇ. ನಾನು ಇಷ್ಟು ವರ್ಷ ದೂರಿದ ದೊಡ್ಡಮ್ಮನೇ. ಮೊನ್ನೆ ಅವಳಿಗೆ ಫೋನ್ ಮಾಡಿದೆ. ಮಗುವಿನ ಸುದ್ದಿ ಹೇಳಿದಾಗ ಅತ್ತುಬಿಟ್ಟಳು. ‘ಅವಳು ಏನನ್ನೂ ಕೇಳುತ್ತಲೇ ಇರಲಿಲ್ಲ, ನನಗೆ ಅದೇ ಸಂಕಟವಾಗುತ್ತಿತ್ತು’ ಎಂದಳು.

ನಿನ್ನ ಬಗ್ಗೆ ಒಂದು ಹೆದರಿಕೆ ನನಗಿದೆ, ಅದನ್ನೂ ಬರೆಯುತ್ತೇನೆ. ನೀನು ಯಾರ ಮನೆಗೂ ಬರಿಗೈಯಲ್ಲಿ ಹೋಗುವುದಿಲ್ಲ. ಗೆಳತಿಯರ ಅರ್ಧ ಕೆಲಸ ನೀನೇ ಮಾಡಿಕೊಡುತ್ತೀಯೆ. ಜ್ವರ ಬಂದರೆ ವಾಸಿಯಾದ ಮೇಲೆ ನನಗೆ ತಿಳಿಸುತ್ತೀಯೆ. ಪ್ರೀತಿಗೆ ಬೆಲೆ ತೆರಬೇಕು ಎಂದು ನೀನು ಇನ್ನೂ ನಂಬಿರುವಂತಿದೆ. ಆ ಮಗು ವರ್ಷಗಟ್ಟಲೆ ನಿನ್ನನ್ನು ಅಮ್ಮ ಎನ್ನದಿದ್ದರೆ ನಿನ್ನ ಎದೆ ಒಡೆಯುತ್ತದೆಯೇ ಎಂಬುದೇ ನನ್ನ ಭಯವಾಗಿತ್ತು. ಅದನ್ನು ಹೇಳಲು ಬಾಯಿ ಬರದೆ ರಕ್ತ, ಗುಣ ಎಂದೆಲ್ಲ ಹೇಳಿದೆ. ತಪ್ಪು ನನ್ನದು. ಕ್ಷಮಿಸು ಎಂದು ಕೇಳುತ್ತಿದ್ದೇನೆ, ಅವಸರವೇನಿಲ್ಲ.

ಮುಂದಿನ ತಿಂಗಳು ಅವಳನ್ನು ಕರೆತರುವಾಗ ನಾನು ಬರಬಹುದೇ? ಬೇಡವೆಂದರೆ ಇಲ್ಲಿಗೆ ಬಂದಾಗ ನೋಡುತ್ತೇನೆ. ಅಡುಗೆಮನೆಯಲ್ಲಿ ಲೋಟಗಳನ್ನು ಮೇಲಿನ ಹಲಗೆಯಿಂದ ಇಳಿಸಿದ್ದೇನೆ. ನೀರಿನ ಪಾತ್ರೆಯನ್ನೂ ಒಂದು ಮಣೆಯ ಮೇಲೆ ಕೆಳಗಿಟ್ಟಿದ್ದೇನೆ. ಆರು ವರ್ಷದ ಮಗುವಿನ ಕೈ ಎಲ್ಲಿಯವರೆಗೆ ಎಟುಕುತ್ತದೆ ಎಂಬ ಅಂದಾಜು ನನಗೆ ಸಿಗುತ್ತಿಲ್ಲ. ಅವಳ ಎತ್ತರ ಎಷ್ಟೆಂದು ಬರೆದು ಕಳುಹಿಸು.

ನಿನ್ನ ಅಪ್ಪ