ಸಮತೋಲನವನ್ನು ಪ್ರನಾಳದಲ್ಲಿ ತೋರಿಸಿ

ಮಾನ್ಯರೇ,

ಪ್ರಥಮ ಪಿಯುಸಿ ಓದುವ ನಮ್ಮ ಬೀದಿಯ ಮಕ್ಕಳು ಸಂಜೆ ರಸಾಯನಶಾಸ್ತ್ರ ಹೇಳಿಸಿಕೊಳ್ಳಲು ಬರುತ್ತಾರೆ. ಸಮತೋಲನ ಸ್ಥಿರಾಂಕದ ಲೆಕ್ಕ ಕೊಟ್ಟರೆ ಚಕಚಕನೆ ಬಿಡಿಸುತ್ತಾರೆ. ಸಮತೋಲನ ತಲುಪಿದ ಮೇಲೆ ಫ್ಲಾಸ್ಕಿನೊಳಗೆ ಏನು ನಡೆಯುತ್ತಿರುತ್ತದೆ ಎಂದು ಕೇಳಿದರೆ, ‘ಕ್ರಿಯೆ ನಿಂತುಹೋಗುತ್ತದೆ ಸರ್’ ಎನ್ನುವವರೇ ಹೆಚ್ಚು. ಉಳಿದವರದು ‘ಎರಡೂ ಕಡೆ ಸಮ ಪ್ರಮಾಣ’ ಎಂಬ ಉತ್ತರ. ಸಮವಾಗುವುದು ಮುಮ್ಮುಖ (ಹೊಸ ವಸ್ತು ಉಂಟಾಗುವ), ಹಿಮ್ಮುಖ (ಅದು ಮತ್ತೆ ಮೊದಲಿನಂತಾಗುವ) ಕ್ರಿಯೆಗಳ ವೇಗ ಮಾತ್ರ ಎಂಬುದು ಅವರ ತಲೆಗೆ ಇಳಿದೇ ಇಲ್ಲ.

ಇದನ್ನು ವಿವರಿಸಲು ಗಾಜನೂರು ಜಲಾಶಯವನ್ನು ಎಳೆದು ತರುವ ಅಧ್ಯಾಪಕರಿದ್ದಾರೆ. ಮಳೆಗಾಲದಲ್ಲಿ ಪತ್ರಿಕೆಗಳು ಬರೆಯುವಂತೆ ಒಳಹರಿವಿನಷ್ಟೇ ಹೊರಹರಿವು, ನೀರಿನ ಮಟ್ಟ ಕದಲದು. ಕೇಳಲು ಸೊಗಸಾದ ಈ ಉದಾಹರಣೆ ಅರ್ಧ ದಾರಿಯಲ್ಲೇ ಕೈಕೊಡುತ್ತದೆ. ಹೊಸಪೇಟೆಗೆ ಹೋದ ತುಂಗೆಯ ನೀರು ಗಾಜನೂರಿಗೆ ಹಿಂದಿರುಗುವುದುಂಟೆ? ಮುಚ್ಚಿದ ಪಾತ್ರೆಗೆ ಹೊರಗಿನಿಂದ ಏನೂ ಬರುವುದಿಲ್ಲ, ಒಳಗಿನದು ಹೋಗುವುದೂ ಇಲ್ಲ. ಇದ್ದ ಕಣಗಳೇ ಕೂಡುತ್ತ, ಬಿಡುತ್ತ ಇರುತ್ತವೆ.

ಇದಕ್ಕೆ ಪಠ್ಯದಲ್ಲೇ ಅಗ್ಗದ ಪ್ರಯೋಗವೊಂದಿದೆ. ಫೆರಿಕ್ ದ್ರಾವಣಕ್ಕೆ, ಅಂದರೆ ಕಬ್ಬಿಣದ ಲವಣದ ದ್ರಾವಣಕ್ಕೆ, ಪೊಟ್ಯಾಸಿಯಂ ಥಯೋಸಯನೇಟ್ ಹನಿಸಿದರೆ ರಕ್ತಗೆಂಪು ಬಣ್ಣ ಬರುತ್ತದೆ. ಅದನ್ನು ನೀರು ಬೆರೆಸಿ ತಿಳಿಯಾಗಿಸಿ, ಮೂರು ಪ್ರನಾಳಗಳಿಗೆ ಹಂಚಬೇಕು. ಒಂದಕ್ಕೆ ಇನ್ನಷ್ಟು ಫೆರಿಕ್ ದ್ರಾವಣ, ಮತ್ತೊಂದಕ್ಕೆ ಇನ್ನಷ್ಟು ಥಯೋಸಯನೇಟ್ ಹನಿಸಿದರೆ ಎರಡರಲ್ಲೂ ಕೆಂಪು ಗಾಢವಾಗುತ್ತದೆ. ಅಂದರೆ ಎರಡು ಪ್ರತಿವರ್ತಕಗಳಲ್ಲಿ ಯಾವುದೂ ಖಾಲಿಯಾಗಿರಲಿಲ್ಲ. ಮೂರನೆಯದಕ್ಕೆ ಆಕ್ಸಾಲಿಕ್ ಆಮ್ಲ ಹಾಕಿ. ಅದು ಫೆರಿಕ್ ಅಯಾನುಗಳನ್ನು ಸೆಳೆದುಕೊಳ್ಳುತ್ತಿದ್ದಂತೆ, ಆ ಕೊರತೆ ತುಂಬಲು ಕೆಂಪು ಸಂಯುಕ್ತ ಒಡೆದು ಬಣ್ಣ ಪೇಲವವಾಗುತ್ತದೆ. ಹಿಮ್ಮುಖ ಕ್ರಿಯೆ ಬದುಕಿದೆ ಎನ್ನಲು ಇದಕ್ಕಿಂತ ಸಾಕ್ಷಿ ಬೇಕೆ?

ಇಷ್ಟು ಕಂಡವರಿಗೆ, ಸಮತೋಲನವನ್ನು ಕದಲಿಸಿದರೆ ಕ್ರಿಯೆ ಆ ಬದಲಾವಣೆಯನ್ನು ತಗ್ಗಿಸುವ ದಿಕ್ಕಿಗೆ ವಾಲುತ್ತದೆ ಎನ್ನುವ 1884ರ ಲೆ ಶಾಟೆಲಿಯೆ ತತ್ವ ಬಾಯಿಪಾಠದ ಸಾಲಾಗಿ ಉಳಿಯುವುದಿಲ್ಲ. ನಮ್ಮ ಗದ್ದೆಗಳಿಗೆ ಸುರಿಯುವ ಯೂರಿಯಾದ ಮೂಲವಾದ ಅಮೋನಿಯ ತಯಾರಿಕೆಯನ್ನೇ ನೋಡಿ. ಅದು ಶಾಖ ಬಿಡುವ ಕ್ರಿಯೆ, ಉಷ್ಣತೆ ಏರಿಸಿದಷ್ಟೂ ಇಳುವರಿ ಕುಗ್ಗುತ್ತದೆ. ಆದರೂ ಕಾರ್ಖಾನೆಗಳು 400 ಡಿಗ್ರಿ ಸೆಲ್ಸಿಯಸ್ ದಾಟಿಸುವುದೇಕೆ? ತಣ್ಣಗಿದ್ದರೆ ಕ್ರಿಯೆ ಕುಂಟುತ್ತದೆ. ಕಬ್ಬಿಣದ ವೇಗವರ್ಧಕ ಎರಡೂ ದಿಕ್ಕಿನ ವೇಗ ಹೆಚ್ಚಿಸುತ್ತದೆಯೇ ಹೊರತು ಇಳುವರಿಯನ್ನಲ್ಲ.

ಈಗ ಹಲವೆಡೆ ಪ್ರಯೋಗದ ಅವಧಿ ನೀಟ್, ಸಿಇಟಿ ತರಬೇತಿಯ ಪಾಲಾಗಿದೆ. ರೆಕಾರ್ಡ್ ಪುಸ್ತಕ ಮಾತ್ರ ಹಿಂದಿನ ವರ್ಷದವರದನ್ನು ನೋಡಿ ತುಂಬುತ್ತದೆ. ಜಿಲ್ಲೆಯ ಕಾಲೇಜುಗಳು ಈ ಪಾಠವನ್ನು ಕಪ್ಪು ಹಲಗೆಯ ಸೂತ್ರದ ಬದಲು ಪ್ರಯೋಗಾಲಯದಲ್ಲೇ ಶುರುಮಾಡಲಿ. ಪ್ರನಾಳಗಳು ಹೇಗೂ ಬೀರುವಿನಲ್ಲಿವೆ, ಬೇಕಾಗಿರುವುದು ಬೀಗದ ಕೈ ಮತ್ತು ಒಂದು ಅವಧಿ.

– ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ, ಶಿವಮೊಗ್ಗ