ಕಾಂತ ಬಿರುಗಾಳಿಯ ಮರುದಿನವೂ ಎಚ್ಚರ ಬೇಕು

ಮಾನ್ಯ ಸಂಪಾದಕರೇ,

2024ರ ಮೇ 10 ಮತ್ತು 11ರಂದು ಎರಡು ದಶಕಗಳಲ್ಲೇ ತೀವ್ರವಾದ ಭೂಕಾಂತೀಯ ಬಿರುಗಾಳಿ (ಸೂರ್ಯನ ಸ್ಫೋಟಗಳಿಂದ ಭೂಮಿಯ ಕಾಂತಕ್ಷೇತ್ರದಲ್ಲಿ ಏಳುವ ಕ್ಷೋಭೆ) ಎದ್ದಾಗ ಲಡಾಖ್‌ನ ಹಾನ್ಲೆಯಲ್ಲಿ ಕಂಡ ಕೆಂಪು ಪ್ರಭೆಯ ಚಿತ್ರಗಳು ಎಲ್ಲೆಡೆ ಪ್ರಕಟವಾದವು. ಬಿರುಗಾಳಿ ತಗ್ಗಿದ ಬಳಿಕ ಅಯಾನುಗೋಳ, ಅಂದರೆ ಮೇಲ್ವಾತಾವರಣದಲ್ಲಿ ವಿದ್ಯುದಾವೇಶ ಹೊತ್ತ ಕಣಗಳಿರುವ ಪದರ, ಹೇಗೆ ಚೇತರಿಸಿಕೊಳ್ಳುತ್ತದೆ ಎಂಬ ವಿಷಯ ಮಾತ್ರ ಚರ್ಚೆಗೆ ಬರಲೇ ಇಲ್ಲ.

ಇಂಥ ಸಂದರ್ಭದಲ್ಲಿ ಧ್ರುವಪ್ರದೇಶಗಳ ಮೇಲ್ವಾತಾವರಣ ಕಾದು ಹಿಗ್ಗುತ್ತದೆ. ಕೆಳಸ್ತರದ ಸಾರಜನಕದ ಅಣುಗಳು ಮೇಲೇರಿ, ಪರಮಾಣು ರೂಪದ ಆಮ್ಲಜನಕದ ಪಾಲು ಕುಗ್ಗಿ, ಎಲೆಕ್ಟ್ರಾನ್‌ಗಳು ಅಯಾನುಗಳೊಡನೆ ಬೇಗ ಕೂಡಿಕೊಂಡು ಕಡಿಮೆಯಾಗುತ್ತವೆ. ಕಾಂತಕ್ಷೇತ್ರ ಶಾಂತವಾದರೂ ಈ ರಾಸಾಯನಿಕ ಏರುಪೇರು ಸರಿಹೋಗಲು ಒಂದೆರಡು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಬೇಕು. ಅಲ್ಲಿನ ನೈಟ್ರಿಕ್ ಆಕ್ಸೈಡ್ ಅವಕೆಂಪು ಕಿರಣಗಳ ಮೂಲಕ ಶಾಖವನ್ನು ಹೊರಚೆಲ್ಲುತ್ತದೆ. ಹೀಗೆ ಅದು ಮೇಲ್ವಾತಾವರಣವನ್ನು ಬಿರುಗಾಳಿಯ ಮೊದಲಿಗಿಂತಲೂ ಹೆಚ್ಚು ತಂಪಾಗಿಸಿಬಿಡುವುದೂ ಉಂಟು. ಕಾಂತೀಯ ಸಮಭಾಜಕಕ್ಕೆ (ಭೂಮಿಯ ಕಾಂತಕ್ಷೇತ್ರ ನೆಲಕ್ಕೆ ಸಮಾಂತರವಾಗಿರುವ ರೇಖೆಗೆ) ಸಮೀಪವಿರುವ ನಮ್ಮಲ್ಲಿ ಹಗಲಿನಲ್ಲಿ ಪ್ಲಾಸ್ಮಾವನ್ನು (ವಿದ್ಯುದಾವೇಶ ಹೊತ್ತ ಕಣಗಳ ಅನಿಲವನ್ನು) ಮೇಲೆತ್ತಿ ಉತ್ತರ, ದಕ್ಷಿಣಗಳಿಗೆ ಹರಡುವ ವಿದ್ಯುತ್ ಕ್ಷೇತ್ರವನ್ನು, ಬಿರುಗಾಳಿಯಿಂದ ದಿಕ್ಕು ಬದಲಿಸಿದ ಮೇಲ್ಗಾಳಿಗಳು ಮರುದಿನವೂ ದುರ್ಬಲಗೊಳಿಸಬಲ್ಲವು.

ಉಪಗ್ರಹಗಳ ಸಂಕೇತ ಅಯಾನುಗೋಳವನ್ನು ದಾಟಿಯೇ ಬರಬೇಕಾದ್ದರಿಂದ, ಅಲ್ಲಿನ ಏರುಪೇರು ಸ್ಥಾನದ ಲೆಕ್ಕವನ್ನು ತಪ್ಪಿಸುತ್ತದೆ. ಆ ಮೇ ತಿಂಗಳಲ್ಲಿ ಅಮೆರಿಕದ ರೈತರು ಜಿಪಿಎಸ್ ಆಧರಿಸಿದ ಟ್ರ್ಯಾಕ್ಟರ್‌ಗಳನ್ನು ಬಿತ್ತನೆಯ ನಡುವೆಯೇ ನಿಲ್ಲಿಸಬೇಕಾಯಿತು. ಕೃಷ್ಣಾ ಮೇಲ್ದಂಡೆ ಯೋಜನೆಗೆ ಹೊಲ, ಮನೆಗಳನ್ನು ಬಿಟ್ಟುಕೊಡುವ ಬಾಗಲಕೋಟೆ ಜಿಲ್ಲೆಯಲ್ಲಿ ಗೇಣುದ್ದದ ತಪ್ಪೂ ತಕರಾರಿಗೆ ದಾರಿಯಾದೀತು. ಆದ್ದರಿಂದ ಉಪಗ್ರಹ ಸಂಕೇತದಿಂದ ಜಮೀನು ಅಳೆಯುವ ಸಿಬ್ಬಂದಿ, ತೀವ್ರ ಬಿರುಗಾಳಿಯ ನಂತರದ ದಿನಗಳಲ್ಲಿ, ಮೊದಲೇ ನಿಖರವಾಗಿ ಗುರುತಿಸಿದ ಒಂದು ಬಿಂದುವನ್ನು ಮತ್ತೆ ಅಳೆದು ತಾಳೆ ನೋಡಿದ ಬಳಿಕವೇ ಕೆಲಸ ಮುಂದುವರಿಸುವುದು ಒಳಿತು. ತಾವೂ ಹವಾಮಾನ ಅಂಕಣದಲ್ಲಿ ಬಾಹ್ಯಾಕಾಶ ಹವಾಮಾನದ ಮುನ್ಸೂಚನೆಗೆ ಎರಡು ಸಾಲು ಮೀಸಲಿಡಬೇಕೆಂದು ಕೋರುತ್ತೇನೆ.

– ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ಜಮಖಂಡಿ